ಆರಿದ್ರಾ ಮಳೆ ಯುಗಾದಿಯ ಬಾವಿಗೆ ಬರುವ ದಾರಿ



ಮಳೆಗಾಲದಲ್ಲಿ ನಮಗೆ ನೀರು ಹೆಚ್ಚಾಯಿತೆಂಬ ಚಿಂತೆ. ಹುಲ್ಲು ಒಣಗುವುದಿಲ್ಲ, ಕೊಟ್ಟಿಗೆಯ ನೆಲ ಆರುವುದಿಲ್ಲ, ಕೆಚ್ಚಲು ಬಾವು ಬರದಂತೆ ದಿನವೂ ಕಾಯಬೇಕು. ಶಿವರಾತ್ರಿ ಕಳೆಯಿತೆಂದರೆ ಚಿಂತೆ ಇನ್ನೊಂದು ಕಡೆಗೆ ತಿರುಗುತ್ತದೆ. ಬಾವಿಯ ಹಗ್ಗ ಸಾಲದಾಗುತ್ತದೆ. ಗುಡ್ಡದ ಒರತೆಯಿಂದ ಎಳೆದ ಪೈಪಿನಲ್ಲಿ ನೀರು ಸಣ್ಣಗಾಗುತ್ತದೆ. ಮನೆಗೆ, ತೋಟಕ್ಕೆ, ದನಕ್ಕೆ ಎಂದು ಇದ್ದ ನೀರನ್ನು ಪಾಲು ಮಾಡಬೇಕಾಗುತ್ತದೆ. ಕೊಡ ಹೊತ್ತು ಆ ಪಾಲನ್ನು ಸರಿದೂಗಿಸುವ ಕೆಲಸ ಹೆಚ್ಚಿನ ಮನೆಗಳಲ್ಲಿ ಹೆಂಗಸರದ್ದೇ.

ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರು. ಹಾಲು ಕೊಡುವ ಮಿಶ್ರತಳಿ ಹಸುವಿಗೆ ದಿನಕ್ಕೆ 50ರಿಂದ 80 ಲೀಟರ್ ಕುಡಿಯುವ ನೀರು ಬೇಕು. ಬಿಸಿಲು ಜೋರಾಗಿ, ಒಣಹುಲ್ಲನ್ನೇ ಹಾಕುವ ದಿನಗಳಲ್ಲಿ ಇನ್ನೂ ಹೆಚ್ಚು ಬೇಕು. ನೀರು ಸಾಲದಿದ್ದರೆ ಹಸು ಮೊದಲು ಮೇವು ಕಡಿಮೆ ತಿನ್ನುತ್ತದೆ, ಆಮೇಲೆ ಹಾಲು ಇಳಿಸುತ್ತದೆ. ಏಪ್ರಿಲ್ ತಿಂಗಳಲ್ಲಿ ಸಂಘದ ಪಾಸ್‌ಬುಕ್ಕಿನಲ್ಲಿ ಕಾಣುವ ಇಳಿತದ ಒಂದು ಕಾರಣ ನಿಮ್ಮ ಬಾವಿಯಲ್ಲೇ ಇರಬಹುದು.

ಇಷ್ಟು ಮಳೆ ಬೀಳುವ ನಾಡಿನಲ್ಲಿ ಬೇಸಿಗೆಗೆ ನೀರಿಲ್ಲದಂತಾಗುವುದು ಹೇಗೆ? ಉತ್ತರ ತಿಳಿಯಬೇಕಾದರೆ ನೀರು ಸುತ್ತುವ ದಾರಿಯನ್ನು ಒಮ್ಮೆ ನೋಡಬೇಕು.

ನೀರಿನ ಚಕ್ರ ನಮ್ಮೂರಲ್ಲಿ

ಹಾಲು ಕಾಯಿಸುವಾಗ ಪಾತ್ರೆಯಿಂದ ಆವಿ ಏಳುತ್ತದೆ, ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿಯಾಗಿ ಕೆಳಗೆ ಬೀಳುತ್ತದೆ. ಅರಬ್ಬಿ ಸಮುದ್ರವೇ ಪಾತ್ರೆ, ಸೂರ್ಯನೇ ಒಲೆ ಎಂದುಕೊಳ್ಳಿ. ಸಮುದ್ರದಿಂದ ಎದ್ದ ಆವಿ ಮುಂಗಾರು ಗಾಳಿಯ ಜೊತೆ ಬಂದು ಪಶ್ಚಿಮ ಘಟ್ಟಕ್ಕೆ ತಾಗುತ್ತದೆ. ಗುಡ್ಡ ಹತ್ತಲೇಬೇಕಾದ ಗಾಳಿ ಮೇಲೇರುತ್ತ ತಣ್ಣಗಾಗುತ್ತದೆ, ಹೊತ್ತ ನೀರನ್ನು ಕೆಳಗೆ ಬಿಡುತ್ತದೆ. ಅದೇ ನಮ್ಮ ಮಳೆ.

ನೆಲಕ್ಕೆ ಬಿದ್ದ ಮಳೆಗೆ ಮೂರು ದಾರಿ. ಒಂದಷ್ಟು ಎಲೆಯ ಮೇಲಿಂದ, ನೆಲದ ಮೇಲಿಂದ ಆವಿಯಾಗುತ್ತದೆ. ಗಿಡಮರಗಳು ಬೇರಿನಿಂದ ಹೀರಿದ್ದೂ ಎಲೆಯ ಮೂಲಕ ಬೆವರಿನಂತೆ ಗಾಳಿಗೆ ಸೇರುತ್ತದೆ. ಒಂದಷ್ಟು ಮೇಲಿಂದ ಮೇಲೆಯೇ ಹರಿದು ಹಳ್ಳಕ್ಕೆ, ಹೊಳೆಗೆ ಹೋಗುತ್ತದೆ. ಉಳಿದದ್ದು ನೆಲದೊಳಗೆ ಇಂಗುತ್ತದೆ.

ಸೀತೂರು ಇರುವ ನರಸಿಂಹರಾಜಪುರ ತಾಲ್ಲೂಕು ತುಂಗೆ ಮತ್ತು ಭದ್ರೆಯ ಸೀಮೆ. ಎರಡೂ ನದಿಗಳು ಹುಟ್ಟುವುದು ಗಂಗಾಮೂಲದಲ್ಲಿ. ತುಂಗೆ ಶೃಂಗೇರಿ, ಹರಿಹರಪುರ, ತೀರ್ಥಹಳ್ಳಿಯ ದಾರಿ ಹಿಡಿದರೆ, ಭದ್ರೆ ಕಳಸ, ಬಾಳೆಹೊನ್ನೂರಿನ ಮೇಲೆ ಬರುತ್ತಾಳೆ. ಕೂಡ್ಲಿಯಲ್ಲಿ ಇಬ್ಬರೂ ಸೇರಿ ತುಂಗಭದ್ರೆಯಾಗಿ, ಮುಂದೆ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿ ಮುಟ್ಟುತ್ತಾರೆ. ಪಡುವಣ ಸಮುದ್ರದಿಂದ ಎದ್ದ ನೀರು ನಮ್ಮ ಗುಡ್ಡದ ಮೇಲೆ ಇಳಿದು ಮೂಡಣ ಸಮುದ್ರಕ್ಕೆ ಹೋಗುತ್ತದೆ. ನಮಗೆ ಅದು ದಾರಿಯಲ್ಲಿ ಸಿಗುವ ನೀರು. ಅದನ್ನು ಎಷ್ಟು ದಿನ ಇಲ್ಲಿ ನಿಲ್ಲಿಸಿಕೊಳ್ಳುತ್ತೇವೆ ಎಂಬುದರ ಮೇಲೆ ನಮ್ಮ ಬೇಸಿಗೆ ನಿಂತಿದೆ.

ಒಂದು ಸಣ್ಣ ಲೆಕ್ಕ ನೋಡಿ. ಒಂದು ಎಕರೆ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್ ನೀರು. ವರ್ಷಕ್ಕೆ 1,500 ಮಿ.ಮೀ. ಮಳೆಯಾಗುವ ಊರಿನಲ್ಲಿ ಒಂದು ಎಕರೆಗೆ 60 ಲಕ್ಷ ಲೀಟರ್ ಬೀಳುತ್ತದೆ. ದಿನಕ್ಕೆ 60 ಲೀಟರ್ ಕುಡಿಯುವ ಹಸುವಿಗೆ ವರ್ಷಕ್ಕೆ 22 ಸಾವಿರ ಲೀಟರ್ ಸಾಕು. ಅಂದರೆ ಒಂದೇ ಎಕರೆಯ ಮಳೆ 250ಕ್ಕೂ ಹೆಚ್ಚು ಹಸುಗಳ ವರ್ಷದ ನೀರು. ಬೀಳುವುದಕ್ಕೇನೂ ಕೊರತೆಯಿಲ್ಲ. ಆದರೆ ಅದರ ಹೆಚ್ಚಿನ ಪಾಲು ನಾಲ್ಕು ತಿಂಗಳಲ್ಲೇ ಬಿದ್ದು ಬೇಗ ಬೇಗ ಹರಿದುಹೋಗುತ್ತದೆ.

ಹಳ್ಳದಲ್ಲಿ ಹೋಗುವ ನೀರು ಒಂದೇ ದಿನದಲ್ಲಿ ಊರು ದಾಟುತ್ತದೆ. ಅಷ್ಟೇ ದೂರವನ್ನು ನೆಲದೊಳಗಿನಿಂದ ಹೋಗಲು ನೀರಿಗೆ ತಿಂಗಳುಗಳು ಬೇಕು, ಕೆಲವೊಮ್ಮೆ ವರ್ಷಗಳೂ ಬೇಕು. ಈ ನಿಧಾನವೇ ನಮ್ಮ ಟ್ಯಾಂಕು. ಆರಿದ್ರಾ, ಪುನರ್ವಸು ಮಳೆಯಲ್ಲಿ ಗುಡ್ಡದ ಮೇಲೆ ಇಂಗಿದ ನೀರು ಮಣ್ಣಿನಲ್ಲಿ, ಜಂಬಿಟ್ಟಿಗೆಯಲ್ಲಿ, ಕಲ್ಲಿನ ಬಿರುಕಿನಲ್ಲಿ ಮೆಲ್ಲಗೆ ಜಾರುತ್ತ ಕೆಳಗಿನ ಬಾವಿಗೆ ಬರುತ್ತದೆ. ಯುಗಾದಿಯಲ್ಲಿ ನೀವು ಸೇದುವ ಕೊಡದಲ್ಲಿರುವುದು ಹಿಂದಿನ ಮಳೆಗಾಲದ ನೀರು.

ಪ್ರಕೃತಿಯೇ ಮಾಡುವ ಏರುಪೇರು

ಈ ಚಕ್ರ ಎಲ್ಲ ಕಡೆ, ಎಲ್ಲ ವರ್ಷ ಒಂದೇ ತರ ತಿರುಗುವುದಿಲ್ಲ. ಮೊದಲ ಕಾರಣ ಗುಡ್ಡಗಳೇ. ಘಟ್ಟದ ಅಂಚಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆಯಾಗುತ್ತದೆ. ಶೃಂಗೇರಿ, ಕೊಪ್ಪ ದಾಟಿ ನರಸಿಂಹರಾಜಪುರಕ್ಕೆ ಬರುವಷ್ಟರಲ್ಲಿ ಗಾಳಿ ತನ್ನ ಹೊರೆಯ ದೊಡ್ಡ ಪಾಲನ್ನು ಇಳಿಸಿಯಾಗಿರುತ್ತದೆ. ಇನ್ನೂ ಮೂಡಲಿಗೆ ಹೋದರೆ ಅದೇ ಜಿಲ್ಲೆಯ ಕಡೂರು ಬಯಲುಸೀಮೆ. ಹಾಗಾಗಿ ಶೃಂಗೇರಿಯ ಬಂಧುಗಳ ಮನೆಯಲ್ಲಿ ನಡೆಯುವ ನೀರಿನ ಲೆಕ್ಕ ನಮ್ಮ ತಾಲ್ಲೂಕಿಗೆ ಹೊಂದುವುದಿಲ್ಲ.

ಎರಡನೆಯದು ಸಮುದ್ರದ ಬಿಸಿ. ದೂರದ ಪೆಸಿಫಿಕ್ ಸಾಗರದ ನೀರು ಕೆಲವು ವರ್ಷ ವಾಡಿಕೆಗಿಂತ ಹೆಚ್ಚು ಬಿಸಿಯಾಗುತ್ತದೆ. ಇದಕ್ಕೆ ಎಲ್ ನಿನೋ ಎನ್ನುತ್ತಾರೆ. ಅಂಥ ವರ್ಷಗಳಲ್ಲಿ ನಮ್ಮ ಮುಂಗಾರು ಸೊರಗುವ ಸಂಭವ ಹೆಚ್ಚು. 2023 ಅಂಥ ವರ್ಷ. ಆ ವರ್ಷದ ಆಗಸ್ಟ್, ದೇಶದಲ್ಲಿ 1901ರಿಂದ ಇಟ್ಟ ಲೆಕ್ಕದಲ್ಲೇ ಅತಿ ಕಡಿಮೆ ಮಳೆಯ ಆಗಸ್ಟ್. ಆಶ್ಲೇಷ ಮಳೆ ಸುರಿಯಬೇಕಾದ ಹೊತ್ತಿನಲ್ಲಿ ಬಿಸಿಲಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಮರುವರ್ಷ 2024ರ ಜುಲೈನಲ್ಲಿ ಮಲೆನಾಡಿನಲ್ಲಿ ಮಳೆ ಬಿಡದೆ ಹೊಡೆಯಿತು, ಭದ್ರಾ ಜಲಾಶಯದಿಂದ ಹೊಳೆಗೆ ನೀರು ಬಿಡಬೇಕಾಯಿತು.

ಮೂರನೆಯದು ನೆಲದ ಗುಣ. ಇಳಿಜಾರು ಕಡಿದಾದಷ್ಟೂ ನೀರಿಗೆ ಓಡುವ ಆತುರ. ಮೇಲೆ ಮಣ್ಣು ಆಳವಾಗಿದ್ದರೆ ಹೆಚ್ಚು ನೀರು ಕೂರುತ್ತದೆ. ಬಂಡೆ ಹತ್ತಿರವಿದ್ದರೆ ಬೇಗ ತುಂಬಿ ಬೇಗ ಖಾಲಿಯಾಗುತ್ತದೆ. ಅಕ್ಕಪಕ್ಕದ ಎರಡು ಮನೆಗಳಲ್ಲಿ ಒಂದರ ಬಾವಿ ಮೇ ತಿಂಗಳಲ್ಲೂ ನೀರು ಕೊಟ್ಟು, ಇನ್ನೊಂದರದ್ದು ಮಾರ್ಚ್‌ನಲ್ಲೇ ತಳ ಕಾಣುವುದಕ್ಕೆ ಇದೂ ಒಂದು ಕಾರಣ.

ಮನುಷ್ಯ ಮಾಡುವ ಬದಲಾವಣೆ

ಸಮುದ್ರವನ್ನಾಗಲಿ ಗುಡ್ಡದ ಎತ್ತರವನ್ನಾಗಲಿ ನಾವು ಬದಲಿಸಲಾರೆವು. ಆದರೆ ಬಿದ್ದ ನೀರು ಆ ಮೂರು ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕೆಂಬುದನ್ನು ಮನುಷ್ಯ ತುಂಬ ಬದಲಿಸಿದ್ದಾನೆ.

ದೊಡ್ಡ ಕೆಲಸಗಳಿಂದ ಶುರುಮಾಡೋಣ. ಭದ್ರೆಯ ಮೇಲ್ಭಾಗದ ಕುದುರೆಮುಖ, ಶೋಲಾ ಕಾಡು ಮತ್ತು ಹುಲ್ಲುಗಾವಲಿನ ಸೀಮೆ. ಹುಲ್ಲಿನ ಬೇರು, ಕಾಡಿನ ದರಗು ಅಲ್ಲಿ ಮಳೆಯನ್ನು ಹಿಡಿದಿಟ್ಟು ಮೆಲ್ಲಗೆ ಬಿಡುತ್ತವೆ. ಅಲ್ಲಿ ಕಬ್ಬಿಣದ ಅದಿರಿಗಾಗಿ ಗುಡ್ಡ ತೆರೆದಾಗ ಮಳೆನೀರಿನ ಜೊತೆ ಹೂಳೂ ಭದ್ರೆಗೆ ಇಳಿಯಿತು. ಜನರು ಹೋರಾಡಿದರು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಇನ್ನೊಂದು ಬದಲಾವಣೆ. ಅದರ ಹಿನ್ನೀರು ನರಸಿಂಹರಾಜಪುರದ ಹತ್ತಿರದವರೆಗೂ ಬಂದಿದೆ. ಜಲಾಶಯದ ಸಾಮರ್ಥ್ಯ 71.5 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,800 ಕೋಟಿ ಲೀಟರ್. ಮಲೆನಾಡಿನ ಮಳೆಗಾಲದ ನೀರು ಇಲ್ಲಿ ನಿಂತು, ನಾಲೆಗಳಲ್ಲಿ ಶಿವಮೊಗ್ಗ, ದಾವಣಗೆರೆ ಕಡೆಯ ಗದ್ದೆ ತೋಟಗಳಿಗೆ ಬೇಸಿಗೆಯಲ್ಲೂ ಹರಿಯುತ್ತದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಇನ್ನೂ ಒಂದು ಹೆಜ್ಜೆ ಇದೆ: ನಮ್ಮ ತಾಲ್ಲೂಕಿನ ಮುತ್ತಿನಕೊಪ್ಪದ ಬಳಿ ತುಂಗೆಯಿಂದ 17.4 ಟಿಎಂಸಿ ನೀರನ್ನು ಎತ್ತಿ ಭದ್ರೆಗೆ ತರುವುದು, ಭದ್ರೆಯಿಂದ 29.9 ಟಿಎಂಸಿ ಎತ್ತಿ ಚಿತ್ರದುರ್ಗ, ತುಮಕೂರಿನ ಬಯಲುಸೀಮೆಯ ಕಡೆಗೆ ಒಯ್ಯುವುದು. ಆ ಸೀಮೆಯ ಹೆಣ್ಣುಮಕ್ಕಳಿಗೂ ನೀರು ಬೇಕು, ಅವರ ದನಗಳಿಗೂ ಬೇಕು. ಆದರೆ ಹಿನ್ನೀರು ಕಣ್ಣೆದುರಿಗೇ ಇದ್ದರೂ ಗುಡ್ಡದ ಮೇಲಿನ ನಮ್ಮ ಬಾವಿಗಳು ಅದರಿಂದ ತುಂಬುವುದಿಲ್ಲ. ನೀರು ಕೆಳಗಿನಿಂದ ಮೇಲಕ್ಕೆ ಇಂಗುವುದಿಲ್ಲ. ನಮ್ಮ ಬಾವಿ ತುಂಬಬೇಕಾದ್ದು ನಮ್ಮ ಮೇಲಿನ ಗುಡ್ಡದಿಂದ.

ಆ ಗುಡ್ಡದಲ್ಲೇ ಆದ ಬದಲಾವಣೆಗಳು ನಮಗೆ ಹೆಚ್ಚು ತಟ್ಟುತ್ತವೆ. ಕಾಡಿನ ನೆಲ ಸ್ಪಂಜಿನಂತೆ. ದರಗು, ಎರೆಹುಳು, ಗೆದ್ದಲು, ಸತ್ತ ಬೇರು ಬಿಟ್ಟುಹೋದ ತೂತು, ಇವೆಲ್ಲ ನೀರಿಗೆ ಬಾಗಿಲು. ಉತ್ತರ ಕನ್ನಡದ ಘಟ್ಟ ಪ್ರದೇಶದಲ್ಲಿ ವಿಜ್ಞಾನಿಗಳು ಅಳೆದು ನೋಡಿದಾಗ, ಸಹಜ ಕಾಡಿನ ಮಣ್ಣು ಬಡಕಲಾದ ಕಾಡಿಗಿಂತಲೂ ಅಕೇಶಿಯಾ ನೆಡುತೋಪಿಗಿಂತಲೂ ಹೆಚ್ಚು ನೀರನ್ನು ಒಳಗೆ ಬಿಡುತ್ತದೆ ಎಂದು ಕಂಡಿತು. ಮರಗಳೂ ನೀರು ಕುಡಿಯುತ್ತವೆ ನಿಜ. ಬೇಗ ಬೆಳೆಯುವ ಅಕೇಶಿಯಾ, ನೀಲಗಿರಿ ಹೆಚ್ಚು ಕುಡಿಯುತ್ತವೆ. ಹಸಿರು ಕಂಡ ಕಡೆಯೆಲ್ಲ ನೀರು ಇಂಗುತ್ತಿದೆ ಎಂದುಕೊಳ್ಳುವಂತಿಲ್ಲ. ಮರದ ಬುಡದ ನೆಲ ಹೇಗಿದೆ ಎಂದು ನೋಡಬೇಕು.

ಗದ್ದೆಗಳ ಕತೆಯೂ ಹೀಗೇ. ಕಣಿವೆಯ ಭತ್ತದ ಗದ್ದೆಯಲ್ಲಿ ಬದು ಕಟ್ಟಿ ತಿಂಗಳುಗಟ್ಟಲೆ ನೀರು ನಿಲ್ಲಿಸುತ್ತಿದ್ದೆವು. ಅದು ಮೆಲ್ಲಗೆ ಇಂಗಿ ಕೆಳಗಿನ ಬಾವಿಗೆ, ಹಳ್ಳಕ್ಕೆ ಒದಗುತ್ತಿತ್ತು. ಅದೇ ಗದ್ದೆ ಅಡಿಕೆ ತೋಟವಾದರೆ ಬೇರು ಕೊಳೆಯಬಾರದೆಂದು ಬಸಿಗಾಲುವೆ ತೆಗೆದು ಮಳೆಗಾಲದ ನೀರನ್ನು ಹೊರಗೆ ಕಳಿಸುತ್ತೇವೆ. ಬೇಸಿಗೆಯಲ್ಲಿ ಅದೇ ತೋಟಕ್ಕೆ ಬಾವಿಯಿಂದ ನೀರು ಎತ್ತುತ್ತೇವೆ. ಶುಂಠಿಗೆಂದು ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ಪಟ್ಟೆ ಎಳೆದರೆ ನೀರಿಗೆ ರಸ್ತೆ ಮಾಡಿಕೊಟ್ಟಂತೆ. ಮಣ್ಣೂ ಜೊತೆಗೆ ಹೋಗುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿಯ ಹೂವಿಗೆಂದು ಸ್ಪ್ರಿಂಕ್ಲರ್ ಓಡುವುದೂ ಹಳ್ಳ ಬತ್ತುವ ಅದೇ ಕಾಲದಲ್ಲಿ. ಬೆಳೆ ಮಾಡಬಾರದೆಂದು ಯಾರೂ ಹೇಳುವುದಿಲ್ಲ, ಮನೆ ನಡೆಯುವುದು ಅದರಿಂದಲೇ. ಆದರೆ ಮಳೆಗಾಲದಲ್ಲಿ ಹೊರಗೆ ಕಳಿಸಿದ್ದು, ಬೇಸಿಗೆಯಲ್ಲಿ ಎತ್ತಿದ್ದು ಎರಡೂ ಒಂದೇ ಖಾತೆಯಿಂದ ಹೋಗುತ್ತವೆ.

ಬಾವಿ ಬತ್ತಿದಾಗ ಕೊಳವೆಬಾವಿ ನೆನಪಾಗುತ್ತದೆ. ಅದು ಹೊಸ ನೀರನ್ನು ಹುಟ್ಟಿಸುವುದಿಲ್ಲ. ಆಳದ ಬಂಡೆಯ ಬಿರುಕಿನಲ್ಲಿ ನಿಧಾನವಾಗಿ ಸೇರಿದ್ದನ್ನು ಎತ್ತುತ್ತದೆ. ಎಷ್ಟೋ ಕಡೆ ಮೇಲಿನ ಬಾವಿಯ ನೀರೇ ಆ ಬಿರುಕಿಗೆ ಇಳಿಯುತ್ತಿರುತ್ತದೆ.

ಇದರ ಮೇಲೆ ಭೂಮಿಯ ಬಿಸಿ ಏರುತ್ತಿದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ಆವಿಯನ್ನು ಹೊರಬಲ್ಲದು. ಅದರಿಂದ ಬಿಸಿಲಿನಲ್ಲಿ ನೆಲ ಬೇಗ ಒಣಗುತ್ತದೆ, ಮಳೆ ಬಂದರೆ ಒಮ್ಮೆಲೇ ಹೊಡೆಯುತ್ತದೆ. ಹದವಾಗಿ ಹತ್ತು ದಿನ ಬೀಳಬೇಕಾದ್ದು ಎರಡೇ ದಿನದಲ್ಲಿ ಬಿದ್ದರೆ ನೆಲಕ್ಕೆ ಕುಡಿಯಲು ಪುರಸೊತ್ತು ಸಿಗುವುದಿಲ್ಲ. ಮಳೆಮಾಪಕದಲ್ಲಿ ಅಂಕಿ ಅದೇ ಇದ್ದರೂ ಬಾವಿಗೆ ಸೇರುವುದು ಕಡಿಮೆ.

ನಮ್ಮ ಕೊಟ್ಟಿಗೆಯ ಪಾಲು

ಹೈನುಗಾರಿಕೆಗೂ ಇದರಲ್ಲಿ ಪಾಲಿದೆ. ಕೊಟ್ಟಿಗೆಗೆ ಹಾಸಲು ಸೊಪ್ಪು ಕಡಿಯುತ್ತೇವೆ, ಬೇಸಿಗೆಯಲ್ಲಿ ದರಗು ಗುಡಿಸಿ ತರುತ್ತೇವೆ. ಗೊಬ್ಬರ ಅದರಿಂದಲೇ ಆಗಬೇಕು. ಆದರೆ ಒಂದೇ ಜಾಗದ ದರಗನ್ನು ಪ್ರತಿವರ್ಷ ನೆಲ ಕಾಣುವಂತೆ ಗುಡಿಸಿದರೆ ಮೊದಲ ಮಳೆಯ ದಪ್ಪ ಹನಿ ಬರಿಯ ಮಣ್ಣಿಗೆ ಬಡಿಯುತ್ತದೆ. ಮಣ್ಣಿನ ಸಣ್ಣ ಕಣಗಳು ತೂತುಗಳನ್ನು ಮುಚ್ಚಿ ಮೇಲೆ ಸಾರಿಸಿದಂತೆ ಆಗುತ್ತದೆ. ಅಂಗಳಕ್ಕೆ ಸಗಣಿ ಸಾರಿಸಿದ ಮೇಲೆ ನೀರು ಹೇಗೆ ಜಾರಿ ಹೋಗುತ್ತದೆಂದು ನಿಮಗೆ ಗೊತ್ತೇ ಇದೆ. ದನ ಮೇಯಲು ದಿನವೂ ತುಳಿಯುವ ದಾರಿಯೂ ಹೀಗೇ ಗಟ್ಟಿಯಾಗಿ ಮಳೆಗಾಲದಲ್ಲಿ ಸಣ್ಣ ಹಳ್ಳವಾಗುತ್ತದೆ.

ಮಲೆನಾಡು ಗಿಡ್ಡಗಳ ಕಾಲದಲ್ಲಿ ದನಗಳ ಮೈ ಸಣ್ಣದು, ಕುಡಿಯುವ ನೀರೂ ಕಡಿಮೆ. ಈಗ ಕಟ್ಟಿ ಸಾಕುವ ಮಿಶ್ರತಳಿ ಹಸುವಿಗೆ ಕುಡಿಯಲು, ಮೈ ತೊಳೆಯಲು, ಕೊಟ್ಟಿಗೆ ತೊಳೆಯಲು ಎಲ್ಲಕ್ಕೂ ನೀರು ಬೇಕು. ಹಾಲು ಹೆಚ್ಚಿದಂತೆ ಬಾವಿಯ ಮೇಲಿನ ಹೊರೆಯೂ ಹೆಚ್ಚಿದೆ. ಇನ್ನೊಂದು ಹಸು ಕಟ್ಟುವ ಮೊದಲು ಮೇವಿನ ಲೆಕ್ಕ ಹಾಕುವಂತೆ ಏಪ್ರಿಲ್ ತಿಂಗಳ ನೀರಿನ ಲೆಕ್ಕವನ್ನೂ ಹಾಕುವುದು ಜಾಣತನ.

ಮನೆಯಲ್ಲೇ ಮಾಡಬಹುದಾದ್ದು

1. ಕೊಟ್ಟಿಗೆಯ ಮಾಡಿನ ನೀರು ಹಿಡಿಯಿರಿ. 20 ಅಡಿ ಅಗಲ, 30 ಅಡಿ ಉದ್ದದ ಮಾಡು ಎಂದರೆ ಸುಮಾರು 55 ಚದರ ಮೀಟರ್. ಅದರ ಮೇಲೆ 50 ಮಿ.ಮೀ. ಮಳೆ ಬಿದ್ದ ದಿನ 2,750 ಲೀಟರ್ ನೀರು ಇಳಿಯುತ್ತದೆ. ಚೆಲ್ಲಿದ್ದು, ಸೋರಿದ್ದು ಕಳೆದು 2,200 ಲೀಟರ್ ಸಿಕ್ಕಿದರೂ ಒಂದು ಹಸುವಿಗೆ ಒಂದು ತಿಂಗಳು ದಾಟುತ್ತದೆ. ಟ್ಯಾಂಕಿನಲ್ಲಿ ಹಿಡಿಯುವಷ್ಟನ್ನು ಹಿಡಿದು, ಉಳಿದದ್ದನ್ನು ಜಲ್ಲಿ, ಮರಳು, ಇದ್ದಿಲಿನ ಸೋಸುಗುಂಡಿ ದಾಟಿಸಿ ಬಾವಿಗೆ ಬಿಡಬಹುದು. ವರ್ಷದ ಮೊದಲ ಒಂದೆರಡು ಮಳೆಯಲ್ಲಿ ಮಾಡು ತೊಳೆದುಹೋಗಲಿ, ಆ ನೀರು ಬೇಡ. ಪಕ್ಕದ ತೋಟಕ್ಕೆ ಬೋರ್ಡೋ ಅಥವಾ ಬೇರೆ ಔಷಧಿ ಹೊಡೆದ ದಿನಗಳಲ್ಲೂ ಪೈಪನ್ನು ಹೊರಗೆ ತಿರುಗಿಸಿಡಿ.

2. ದರಗು ತರುವ ಜಾಗವನ್ನು ಪಾಳಿ ಮಾಡಿ. ಈ ವರ್ಷ ಗುಡಿಸಿದ ಕಡೆ ಮುಂದಿನ ವರ್ಷ ಬಿಡಿ. ಬಾವಿಗೆ, ಒರತೆಗೆ ನೇರ ಮೇಲಿರುವ ಗುಡ್ಡದಲ್ಲಿ ನೆಲ ಬರಿದಾಗುವಂತೆ ಗುಡಿಸಲೇಬೇಡಿ. ಆ ಜಾಗಕ್ಕೆ ಬೆಂಕಿಯೂ ಬೀಳದಂತೆ ಕಾಯಿರಿ.

3. ಬದುಗಳಲ್ಲಿ ಮೇವಿನ ಹುಲ್ಲು ನೆಡಿ. ನೇಪಿಯರ್, ಗಿನಿ ಹುಲ್ಲಿನ ಬೇರು ಬದುವಿನ ಮಣ್ಣನ್ನು ಹಿಡಿಯುತ್ತದೆ, ಓಡುವ ನೀರನ್ನು ತಡೆಯುತ್ತದೆ. ಹಸಿಮೇವಿನಲ್ಲಿ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ಪಾಲು ನೀರೇ ಇರುವುದರಿಂದ ಹಸು ಕುಡಿಯುವ ನೀರಿನಲ್ಲೂ ಉಳಿತಾಯ.

4. ಇಂಗುಗುಂಡಿಯನ್ನು ಜಾಗ ನೋಡಿ ತೋಡಿ. ಸಣ್ಣ ಇಳಿಜಾರಿನಲ್ಲಿ, ಮಟ್ಟಕ್ಕೆ ಸರಿಯಾಗಿ ಅಡ್ಡಲಾಗಿ ತೋಡಿದ ಗುಂಡಿಗಳು ನೀರನ್ನು ಚೆನ್ನಾಗಿ ಇಂಗಿಸುತ್ತವೆ. ಆದರೆ ಮನೆ ಅಥವಾ ಕೊಟ್ಟಿಗೆಯ ಹಿಂದಿನ ಕಡಿದಾದ ಧರೆಯ ಮೇಲೆ ತೋಡಬೇಡಿ. ಆಳದ ಮಣ್ಣು ನೀರು ಕುಡಿದು ಭಾರವಾದರೆ ಧರೆಯೇ ಜಾರಬಹುದು. 2019ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯ ಮೂಡಿಗೆರೆ ಭಾಗದಲ್ಲಿ ಗುಡ್ಡ ಕುಸಿದು ಮನೆ ತೋಟಗಳು ಹೋದದ್ದು ನೆನಪಿರಲಿ. ಅಂಥ ಜಾಗದಲ್ಲಿ ನೀರನ್ನು ಸುರಕ್ಷಿತವಾಗಿ ಪಕ್ಕಕ್ಕೆ ಹರಿಸುವುದೇ ಸರಿ.

5. ಪಾಳು ಬಿದ್ದ ಗದ್ದೆಯ ಬದು ಒಡೆಯಬೇಡಿ. ಭತ್ತ ಹಾಕದಿದ್ದರೂ ಮಳೆಗಾಲದಲ್ಲಿ ಅದರಲ್ಲಿ ನೀರು ನಿಂತರೆ ಕೆಳಗಿನ ಬಾವಿಗೆ ಲಾಭ. ಮಳೆ ಕಡಿಮೆಯಾದ ಮೇಲೆ ಹಳ್ಳಕ್ಕೆ ಕಲ್ಲು, ಮಣ್ಣಿನ ಚೀಲದ ತಾತ್ಕಾಲಿಕ ಕಟ್ಟ ಹಾಕುವುದು ಮಲೆನಾಡಿನ ಹಳೆಯ ಪದ್ಧತಿ. ಹತ್ತು ಮನೆಯವರು ಸೇರಿದರೆ ಒಂದು ದಿನದ ಕೆಲಸ.

6. ಬಳಸಿದ ನೀರಿಗೆ ಎರಡನೇ ಕೆಲಸ ಕೊಡಿ. ಕೊಟ್ಟಿಗೆಯ ಸಗಣಿಯನ್ನು ಮೊದಲು ಬಾಚಿ ತೆಗೆದು ಆಮೇಲೆ ತೊಳೆದರೆ ಅರ್ಧ ನೀರು ಸಾಕು. ತೊಳೆದ ನೀರು ಮೇವಿನ ಹುಲ್ಲಿಗೆ ಹೋಗಲಿ. ಗೊಬ್ಬರಗುಂಡಿ ಮಾತ್ರ ಬಾವಿಯಿಂದ ದೂರ, ಕೆಳಭಾಗದಲ್ಲಿರಲಿ. ಇಂಗುವ ದಾರಿ ನೀರಿಗೆ ಹೇಗೋ ಕೊಳಕಿಗೂ ಹಾಗೇ.

7. ಬೇಸಿಗೆಯ ನೀರಿನ ಪಾಲನ್ನು ಮನೆಯಲ್ಲಿ ಮೊದಲೇ ಮಾತಾಡಿ. ಮೋಟಾರು ತೋಟಕ್ಕೆ ಎಷ್ಟು ಹೊತ್ತು, ಕೊಟ್ಟಿಗೆಯ ತೊಟ್ಟಿಗೆ ಎಷ್ಟು ಎಂದು ಫೆಬ್ರವರಿಯಲ್ಲೇ ತೀರ್ಮಾನವಾದರೆ ಏಪ್ರಿಲ್‌ನಲ್ಲಿ ಕೊಡ ಹೊರುವುದು ಕಡಿಮೆಯಾಗುತ್ತದೆ. ಹಾಲಿನ ಬಿಲ್ಲು ಹತ್ತು ಹದಿನೈದು ದಿನಕ್ಕೊಮ್ಮೆ ಮನೆಗೆ ಬರುವ ದುಡ್ಡು. ಅದನ್ನು ಉಳಿಸುವ ನೀರಿಗೆ ಮನೆಯಲ್ಲಿ ಮಾತು ಎತ್ತುವುದರಲ್ಲಿ ಸಂಕೋಚ ಬೇಡ.

ಬಾವಿಯ ಲೆಕ್ಕವನ್ನೂ ಬರೆದಿಡಿ

ಹಾಲಿನ ಅಳತೆ, ಜಿಡ್ಡಿನ ಅಂಶ ಪ್ರತಿದಿನ ಪುಸ್ತಕದಲ್ಲಿ ದಾಖಲಾಗುತ್ತದೆ. ಬಾವಿಯ ಅಳತೆಯನ್ನು ಬರೆದಿಡುವವರು ಕಡಿಮೆ. ಹಗ್ಗಕ್ಕೆ ಒಂದು ಕಲ್ಲು ಕಟ್ಟಿ, ಅಡಿಗೊಂದು ಗಂಟು ಹಾಕಿ, ತಿಂಗಳ ಮೊದಲ ದಿನ ಬೆಳಿಗ್ಗೆ ಮೋಟಾರು ಹಾಕುವ ಮೊದಲು ಬಾವಿಗೆ ಇಳಿಸಿ. ಕಟ್ಟೆಯಿಂದ ನೀರಿಗೆ ಎಷ್ಟು ಅಡಿ ಎಂದು ಕ್ಯಾಲೆಂಡರಿನ ಆ ದಿನದ ಮನೆಯಲ್ಲೇ ಬರೆಯಿರಿ. ಎರಡು ವರ್ಷ ಹೀಗೆ ಬರೆದರೆ ನೀರು ಯಾವ ತಿಂಗಳು ಎಷ್ಟು ಇಳಿಯುತ್ತದೆ, ಮಾಡಿನ ನೀರು ಬಿಟ್ಟ ಮೇಲೆ ಎಷ್ಟು ದಿನ ಹೆಚ್ಚು ಉಳಿಯಿತು ಎಂಬುದು ನಿಮಗೇ ಕಾಣುತ್ತದೆ.

ಒಂದು ಮನೆಯ ಗುಡ್ಡದಲ್ಲಿ ಇಂಗಿದ ನೀರು ಇನ್ನೊಂದು ಮನೆಯ ಬಾವಿಯಲ್ಲಿ ಏಳುತ್ತದೆ. ಅದರಿಂದ ಈ ಲೆಕ್ಕ ಒಬ್ಬೊಬ್ಬರ ಬಳಿ ಇದ್ದರೆ ಸಾಲದು. ಸಂಘದ ಮುಂದಿನ ಸಭೆಗೆ ಬರುವಾಗ ನಿಮ್ಮ ಬಾವಿಯ ಅಡಿಯನ್ನು ಬರೆದುಕೊಂಡು ಬನ್ನಿ. ಯಾರ ಬಾವಿ ಮೊದಲು ಬತ್ತುತ್ತದೆ, ಅದರ ಮೇಲಿನ ಗುಡ್ಡದಲ್ಲಿ ಏನಾಗಿದೆ ಎಂದು ಸೇರಿ ನೋಡಿದರೆ ಮೊದಲ ಕಟ್ಟ ಎಲ್ಲಿ ಹಾಕಬೇಕು, ಯಾವ ಗುಡ್ಡದ ದರಗನ್ನು ಬಿಡಬೇಕು ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಆರಿದ್ರಾ ಮಳೆ ಹಿಡಿಯುವ ಮೊದಲು ಆ ಕೆಲಸ ಮುಗಿದಿರಲಿ.